ದಾರ ಬಿಚ್ಚದ ಏಳು ಮಣಿಗಳು

ಹೋದ ತಿಂಗಳು ಲಾಸ್ ಏಂಜಲೀಸಿನ ಅಂಚಿನ ಚಾಟ್ಸ್‌ವರ್ತ್‌ನ ಒಂದು ಬೀದಿಯಲ್ಲಿ ಕಾರನ್ನು ರಿಪೇರಿಗೆ ಬಿಟ್ಟು ಕಾಯುತ್ತ ನಿಂತಿದ್ದೆ. ಪಕ್ಕದ ಶೆಡ್ಡಿನ ಬಾಗಿಲು ತೆರೆದಿತ್ತು. ಲೋಹ ಕೊರೆಯುವಾಗ ಸುರಿಯುವ ಎಣ್ಣೆಯ ವಾಸನೆ ಒಳಗಿನಿಂದ ಬಂತು. ಅದರ ಹಿಂದೆಯೇ ಬೆಟ್ಟದ ಕಡೆಯಿಂದ ಒಣಗಾಳಿ ಬೀಸಿ, ಎಲ್ಲೋ ಹುಲ್ಲು ಸುಟ್ಟ ಕಮಟು ತಂದಿತು. ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಮೆಕ್ಯಾನಿಕ್ ಬಂದು ಏನೋ ಕೇಳುತ್ತಿದ್ದ. ಅವನು ಎರಡನೆಯ ಸಲ ಕೇಳಿದಾಗಲೇ ನನಗೆ ಕೇಳಿಸಿದ್ದು. ನನ್ನ ಮನಸ್ಸು 2020ರ ಆ ಶರತ್ಕಾಲಕ್ಕೆ ಹೋಗಿಬಿಟ್ಟಿತ್ತು.

ಆಗ ನಾನು ಲಾಸ್ ಏಂಜಲೀಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಬಾಗಲಕೋಟೆಯವಳು, ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವಳು. ಹರಪ್ಪದ ಜನ ಮಣಿಗಳಿಗೆ ತೂತು ಹೇಗೆ ಕೊರೆಯುತ್ತಿದ್ದರು ಎಂಬುದು ನನ್ನ ವಿಷಯ. ಹೀಗೆಂದಾಗ ಜನ ನಗುತ್ತಿದ್ದರು. ಆದರೆ ಸಿಂಧೂ ಬಯಲಿನಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ನೇರ ಬೀದಿ, ಮುಚ್ಚಿದ ಚರಂಡಿ, ಮನೆಮನೆಗೆ ಬಚ್ಚಲು ಇಟ್ಟು ಊರು ಕಟ್ಟಿದ ಆ ಜನರ ಬರಹವನ್ನು ಓದಲು ಇನ್ನೂ ಯಾರಿಗೂ ಬಂದಿಲ್ಲ. ಅವರನ್ನು ತಿಳಿಯಬೇಕಾದರೆ ಅವರ ಕೈಕೆಲಸವನ್ನೇ ನೋಡಬೇಕು. ಬೆರಳಿಗಿಂತ ಉದ್ದದ ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿಗೆ, ಇನ್ನೂ ಗಟ್ಟಿಯಾದ ಮತ್ತೊಂದು ಕಲ್ಲಿನ ಕಡ್ಡಿಯಿಂದ, ಈ ತುದಿಯಿಂದ ಅರ್ಧ, ಆ ತುದಿಯಿಂದ ಅರ್ಧ ಕೊರೆಯುತ್ತಿದ್ದರು. ಒಂದು ಮಣಿಗೆ ದಿನಗಟ್ಟಲೆ ಕೆಲಸ. ಕೊನೆಯ ಗಳಿಗೆಯಲ್ಲಿ ಕಲ್ಲು ಬಿರಿದರೆ ಎಲ್ಲವೂ ನೀರುಪಾಲು. ಅಂಥ ಮಣಿಗಳು ಜಗತ್ತಿನಲ್ಲೇ ಕಡಿಮೆ.

ಮಾರ್ಚಿನಲ್ಲಿ ಕೊರೋನಾ ಬಂದು ವಿಶ್ವವಿದ್ಯಾಲಯ ಮುಚ್ಚಿತು. ನನ್ನ ಮಾದರಿಗಳು ಲ್ಯಾಬಿನ ಕಪಾಟಿನೊಳಗೇ ಉಳಿದವು. ಅಗೆತದ ಜಾಗಗಳನ್ನು ನೋಡಲು ಗುಜರಾತಿಗೆ ಹೋಗುವುದಿತ್ತು, ಅದೂ ರದ್ದಾಯಿತು. ಕ್ಲಾಸುಗಳು ಆನ್‌ಲೈನ್ ಆದರೆ ವಿದೇಶಿ ವಿದ್ಯಾರ್ಥಿಗಳು ವಾಪಸ್ ಹೋಗಬೇಕಾಗುತ್ತದೆ ಎಂಬ ಸುದ್ದಿ ಬೇಸಿಗೆಯಲ್ಲಿ ಬಂದು ಹೋಯಿತು. ಸುದ್ದಿ ಹೋದರೂ ಅಂಜಿಕೆ ಹೋಗಲಿಲ್ಲ. ನನ್ನ ಗೈಡ್ ಒಂದು ದಿನ ಫೋನಿನಲ್ಲಿ, ಹೊಸ ಸಾಮಗ್ರಿ ಸಿಗದಿದ್ದರೆ ವಿಷಯ ಬದಲಿಸುವುದನ್ನು ಯೋಚಿಸು ಎಂದರು. ತುಂಬ ಮೆತ್ತಗೆ ಹೇಳಿದರು. ಆ ಮೆತ್ತನೆಯ ದನಿಗೇ ನನಗೆ ಹೆಚ್ಚು ಭಯವಾಯಿತು.

ಖರ್ಚು ತೂಗಿಸಲಾಗದೆ ಸ್ಯಾನ್ ಡಿಯಾಗೊಗೆ ಬಂದು, ಮೀರಾ ಮೆಸಾದಲ್ಲಿ ಮಾಲತಿ ಆಂಟಿಯ ಮನೆಯ ಒಂದು ಕೋಣೆ ಹಿಡಿದೆ. ಆಂಟಿ ಬಸವನಗುಡಿಯವರು, ಸೊರೆಂಟೊ ವ್ಯಾಲಿಯ ಒಂದು ಚಿಪ್ ಕಂಪನಿಯಲ್ಲಿ ಇಂಜಿನಿಯರು. ಒಂಟಿಯಾಗಿದ್ದರು. ಊಟದ ಮೇಜೇ ಆಗ ಅವರ ಆಫೀಸು. ಆಸ್ತಮಾ ಇದ್ದುದರಿಂದ ಮನೆಯೊಳಗೆ ಹೊರಗಿನವರು ಯಾರೂ ಕಾಲಿಡುವಂತಿರಲಿಲ್ಲ.

"ಗಿರಿಜಾ, ನನ್ ಲಂಗ್ಸ್ ವೀಕು. ನೀನು ಹೊರಗಡೆ ಹೋಗ್ಬಂದ್ರೆ ಡೈರೆಕ್ಟ್ ಸ್ನಾನ. ಮಾತೆಲ್ಲ ಆಮೇಲೆ," ಎಂದು ಮೊದಲ ದಿನವೇ ಹೇಳಿದರು.

"ಆತ್ರೀ ಆಂಟಿ," ಎಂದೆ.

ಆಗಸ್ಟಿನಲ್ಲಿ ಅವರದೇ ಒತ್ತಾಯಕ್ಕೆ, ಸುತ್ತಲಿನ ಭಾರತೀಯ ಕುಟುಂಬಗಳಿಗಾಗಿ ಹರಪ್ಪದ ಊರುಗಳ ಬಗ್ಗೆ ಆನ್‌ಲೈನಿನಲ್ಲಿ ಮಾತಾಡಿದೆ. ಮರುದಿನ ಚಾಟ್ಸ್‌ವರ್ತ್‌ನಿಂದ ಒಬ್ಬರು ಫೋನ್ ಮಾಡಿದರು. ಹರೀಶ್ ಎಂದು ಹೆಸರು. ವಿಮಾನದ ಬಿಡಿಭಾಗಗಳನ್ನು ಕೊರೆದು ಕೊಡುವ ಸಣ್ಣ ವರ್ಕ್‌ಶಾಪು ಅವರದು. "ನನ್ನ ತಾಯಿಯ ಹತ್ತಿರ ಕೆಂಪು ಮಣಿಯ ಸರವಿದೆ. ಮೊಹೆಂಜೊ-ದಾರೊದ್ದು ಅನ್ನುತ್ತಾಳೆ. ನಿಜವೋ ಸುಳ್ಳೋ ನೋಡಿ ಹೇಳುತ್ತೀರಾ?" ಎಂದರು.

ಇಂಥ ಫೋನು ನಮಗೆ ಹೊಸದಲ್ಲ. ಹತ್ತಕ್ಕೆ ಹತ್ತೂ ಪ್ಲಾಸ್ಟಿಕ್ಕೋ ಗಾಜೋ ಆಗಿರುತ್ತವೆ. ಆದರೂ ಹೋದೆ.

ಬಂಡೆಗಳ ಬೆಟ್ಟಕ್ಕೆ ಒತ್ತಿಕೊಂಡಂತಿದ್ದ ಮನೆ. ಹಿತ್ತಿಲಿನಲ್ಲಿ ಮೆಣಸಿನಂಥ ಕೆಂಪು ಕಾಯಿ ಬಿಡುವ ಒಂದು ಪೆಪ್ಪರ್ ಮರ, ಅದರ ಕೆಳಗೆ ದೂರ ದೂರ ಹಾಕಿದ ಮೂರು ಕುರ್ಚಿ. ಎಂಬತ್ತು ದಾಟಿದ ಹೆಂಗಸು ಮಂಡಿ ಹಿಡಿದುಕೊಂಡು ಬಂದು ಕೂತರು. ಬಿಳಿ ಸಲ್ವಾರ್ ಕಮೀಜು, ಮೂಗಿನವರೆಗೆ ಮಾಸ್ಕು. ಹೆಸರು ಈಶ್ವರಿ. ಎಲ್ಲರೂ ಅವರನ್ನು ದಾದಿ ಎನ್ನುತ್ತಿದ್ದರು. ಸಿಂಧಿಯಲ್ಲಿ ಹಾಗೆಂದರೆ ಅಕ್ಕ. ನಾವು ಹಿಂದಿಯಲ್ಲಿ ಮಾತಾಡಿದೆವು. ಬಿಸ್ಕತ್ತಿನ ಹಳೇ ಡಬ್ಬಿ ತೆರೆದು, ಹತ್ತಿಯ ನಡುವಿನಿಂದ ಸರವನ್ನು ಎತ್ತಿ ಕೈಮೇಲೆ ಹರವಿದರು.

ಏಳು ಮಣಿಗಳು. ಒಂದೊಂದೂ ನನ್ನ ನಡುಬೆರಳಿಗಿಂತ ಉದ್ದ. ನಡುವೆ ತುಸು ದಪ್ಪ, ತುದಿಗಳಲ್ಲಿ ಸಣ್ಣ. ಬಿಸಿಲು ಬಿದ್ದಾಗ ಒಳಗಿನ ಕೆಂಪು ಹೊರಗೆ ಬಂದಂತಾಯಿತು.

"ನಮ್ಮಪ್ಪ ಡೋಕ್ರಿಯ ಆಸ್ಪತ್ರೆಯಲ್ಲಿ ಡಾಕ್ಟರು," ಎಂದರು ದಾದಿ. "ಮೊಹೆಂಜೊ-ದಾರೊ ನಮ್ಮೂರಿನ ಮಗ್ಗುಲಲ್ಲೇ. ಅಗೆಯುವ ಕೆಲಸದವನೊಬ್ಬನ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ಅಪ್ಪ ಉಳಿಸಿದರು. ಅವನು ಒಂದು ವಾರ ಬಿಟ್ಟು ಬಂದು ಇದನ್ನು ಮೇಜಿನ ಮೇಲೆ ಇಟ್ಟು ಓಡಿಹೋದ. ಕದ್ದದ್ದು ಅಂತ ಅಪ್ಪನಿಗೆ ಗೊತ್ತಿತ್ತು. ವಾಪಸ್ ಕೊಟ್ಟರೆ ಅವನು ಜೈಲಿಗೆ ಹೋಗುತ್ತಾನೆ. ಸ್ವಲ್ಪ ದಿನ ಹೋಗಲಿ ಅಂತ ಇಟ್ಟುಕೊಂಡರು. ಅಷ್ಟರಲ್ಲಿ ದೇಶವೇ ಎರಡಾಯಿತು. ನಾವು ಹಡಗು ಹತ್ತಿದೆವು."

ಹರೀಶ್ ಕೈಗಡಿಯಾರ ನೋಡಿಕೊಂಡರು. ಅವರಿಗೆ ಈ ಕತೆ ಹಳೆಯದು. "ನಿಜವಾದರೆ ನಾವು ಮೂವರು ಮಕ್ಕಳು ಹಂಚಿಕೊಳ್ಳುತ್ತೇವೆ," ಎಂದರು. "ನಮಗೆ ಸಿಂಧ್‌ನಿಂದ ಬಂದದ್ದು ಅಂತ ಬೇರೆ ಏನೂ ಇಲ್ಲ. ತಂಗಿ ನ್ಯೂಜೆರ್ಸಿಯಲ್ಲಿ, ತಮ್ಮ ಹ್ಯೂಸ್ಟನ್‌ನಲ್ಲಿ. ತಲಾ ಎರಡು."

ನಾನು ದಾದಿಯನ್ನು ನೋಡಿದೆ. ಅವರು ಮಣಿಗಳನ್ನು ಮತ್ತೆ ಹತ್ತಿಯೊಳಗೆ ಮಲಗಿಸುತ್ತಿದ್ದರು.

ಗೈಡಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು, "ಕಾಗದಪತ್ರ ಏನೂ ಇಲ್ಲ ಅಲ್ಲವೇ? ಹಾಗಿದ್ದರೆ ನೋಡು, ಅವರಿಗೆ ಸತ್ಯ ಹೇಳು. ಆದರೆ ನಿನ್ನ ಪ್ರಬಂಧದಲ್ಲಿ ಒಂದು ಸಾಲೂ ಬರುವ ಹಾಗಿಲ್ಲ. ಯಾರದೋ ಮನೆಯ ಡಬ್ಬಿಯೊಳಗಿನ ವಸ್ತುವಿನ ಮೇಲೆ ನಾವು ಬರೆದರೆ, ನಾಳೆ ಇನ್ನೊಬ್ಬ ಅಗೆದು ತರುತ್ತಾನೆ," ಎಂದರು. ಸರಿಯಾದ ಮಾತು. ಆ ರಾತ್ರಿಯ ಊಟ ಮಾತ್ರ ನನಗೆ ಸೇರಲಿಲ್ಲ.

ನಿಜವೋ ಅಲ್ಲವೋ ತಿಳಿಯಲು ತೂತಿನ ಒಳಗೋಡೆಯನ್ನು ನೋಡಬೇಕು. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವಂಥ ರಬ್ಬರನ್ನು ತೂತಿನೊಳಗೆ ತುಂಬಿ, ಅದು ಗಟ್ಟಿಯಾದ ಮೇಲೆ ಮೆಲ್ಲಗೆ ಹೊರಗೆಳೆಯುತ್ತೇವೆ. ದಾರ ಬಿಚ್ಚಲು ದಾದಿ ಒಪ್ಪಲಿಲ್ಲ. ಅದು ಅವರ ತಾಯಿ ಪೋಣಿಸಿ ಗಂಟು ಹಾಕಿದ ದಾರ. ಕೊನೆಯ ಮಣಿಯ ಬಳಿ ಮಾತ್ರ ಅದು ಸವೆದು ತುಂಡಾಗಿತ್ತು. ಆ ಒಂದು ಮಣಿಯನ್ನು ಜಾರಿಸಿ ತೆಗೆದುಕೊಳ್ಳಲು ಬಿಟ್ಟರು.

ಸೆಪ್ಟೆಂಬರಿನ ಆ ಮಧ್ಯಾಹ್ನ ಆಕಾಶ ಕಿತ್ತಳೆ ಬಣ್ಣದ್ದಾಗಿತ್ತು. ಎಲ್ಲೆಲ್ಲಿಯೋ ಕಾಡು ಉರಿಯುತ್ತಿತ್ತು. ಮರದ ಕೆಳಗಿನ ಮೇಜಿನ ಮೇಲೆ ಬೂದಿ ಉದುರುತ್ತಿತ್ತು. ಅದನ್ನು ಒರೆಸಿ ಒರೆಸಿ ಕೆಲಸಕ್ಕೆ ಕೂತೆ. ತುಂಬಿದೆ, ಕಾದೆ, ಎಳೆದೆ. ಅರ್ಧಕ್ಕೆ ಬಂದು ನಿಂತಿತು.

ಮತ್ತೆ ಎಳೆದೆ. ಅಲುಗಲಿಲ್ಲ. ಜೋರಾಗಿ ಎಳೆದರೆ ರಬ್ಬರು ಹರಿದು ಒಳಗೇ ಉಳಿಯುತ್ತದೆ. ಓರೆಯಾಗಿ ಎಳೆದರೆ ತೂತಿನ ತುಟಿ ಚಕ್ಕೆ ಏಳಬಹುದು. ಮಾಸ್ಕಿನೊಳಗೆ ನನ್ನ ಉಸಿರು ಬಿಸಿಯಾಗಿ ಕನ್ನಡಕದ ಮೇಲೆ ಮಂಜು ಕಟ್ಟಿತು.

"ಏನಾಯಿತು?" ಎಂದರು ಹರೀಶ್, ಎದ್ದು ಹತ್ತಿರ ಬರುತ್ತ.

"ದೂರ ಇರು," ಎಂದು ದಾದಿ ಅವರನ್ನು ತಡೆದರು. ಅದು ಕೊರೋನಾಕ್ಕೆ ಹೇಳಿದ್ದಲ್ಲ. ಆಮೇಲೆ ನನಗೆ, "ಅವಸರ ಇಲ್ಲ ಮಗಳೇ. ಅದೇನು ಓಡಿಹೋಗುತ್ತದೆಯೇ," ಎಂದರು.

ಮಣಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡೆ. ಕೈಯ ಬಿಸಿಗೆ ಕಲ್ಲು ಬೆಚ್ಚಗಾಗುವವರೆಗೆ ಕಾದೆ. ಮತ್ತೆ ಎಳೆದಾಗ ಅಚ್ಚು ಒಂದೇ ಸಲಕ್ಕೆ ಜಾರಿ ಬಂತು.

ಮಣಿಯನ್ನು ಮತ್ತೆ ಸರಕ್ಕೆ ಪೋಣಿಸಿಕೊಟ್ಟು, ಅಚ್ಚನ್ನು ಹರೀಶರ ವರ್ಕ್‌ಶಾಪಿಗೆ ಒಯ್ದೆವು. ಯಂತ್ರಗಳು ನಿಂತಿದ್ದವು, ಎಣ್ಣೆಯ ವಾಸನೆ ಮಾತ್ರ ತುಂಬಿತ್ತು. ಬಿಡಿಭಾಗಗಳನ್ನು ಪರೀಕ್ಷಿಸುವ ಮೈಕ್ರೋಸ್ಕೋಪಿನ ಕೆಳಗೆ ಅಚ್ಚನ್ನಿಟ್ಟೆ. ಪರದೆಯ ಮೇಲೆ ಅದು ಕಂಬದಷ್ಟು ದೊಡ್ಡದಾಗಿ ಕಂಡಿತು. ಎರಡೂ ಕಡೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಸಣ್ಣದಾಗುತ್ತ ಬಂದು, ನಡುವೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಕೂಡಿಕೊಂಡಿತ್ತು. ಗೋಡೆ ಕನ್ನಡಿಯಂತೆ ನಯವಾಗಿತ್ತು. ಈಗಿನ ವಜ್ರದ ಮೊನೆ ಬಿಡುವ ಗೀರುಗಳ ಸುಳಿವೇ ಇರಲಿಲ್ಲ.

ಹರೀಶ್ ಪರದೆಯ ಮುಂದೆ ಬಾಗಿ ನಿಂತವರು ಅಲುಗಲಿಲ್ಲ. "ಬೇರಿಂಗ್ ಇಲ್ಲ, ಹಿಡಿದು ನಿಲ್ಲಿಸಲು ಜಿಗ್ ಇಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಇಷ್ಟೇ ಸರಿದಿದೆಯೇ?"

"ಇಷ್ಟೇ," ಎಂದೆ. "ನಿಜವಾದದ್ದು."

ಆ ಖುಷಿಯಲ್ಲೇ ಅವರು ಆ ಮಾತು ಹೇಳಿದ್ದು. "ಏಳು ಇವೆ, ನಾವು ಮೂವರು. ಒಂದು ಉಳಿಯುತ್ತದೆ. ಅದು ನಿಮಗೆ. ಕೊಯ್ದು ನೋಡಿ, ಏನಾದರೂ ಮಾಡಿ. ಮುಂದಿನ ತಿಂಗಳು ತಂಗಿಯೂ ತಮ್ಮನೂ ವಿಡಿಯೋದಲ್ಲಿ ಬರುತ್ತಾರೆ. ಯಾವುದು ಯಾರಿಗೆ ಅಂತ ನೀವೇ ವಿಂಗಡಿಸಿಕೊಡಿ, ಆಗ ಜಗಳವಿರುವುದಿಲ್ಲ."

ಇಡೀ ಮಣಿಯನ್ನು ಉದ್ದಕ್ಕೆ ಸೀಳಿ ಒಳಗನ್ನು ನೋಡುವ ಅವಕಾಶ ನಮ್ಮಂಥವರಿಗೆ ಜೀವಮಾನದಲ್ಲಿ ಸಿಗುವುದಿಲ್ಲ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹೆದ್ದಾರಿಯುದ್ದಕ್ಕೂ ಅದೇ ಯೋಚನೆ. ಸಮುದ್ರ ಬಲಗಡೆ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಮಾಲತಿ ಆಂಟಿಗೆ ಹೇಳಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿದರು. "ಹಂಚ್ಕೊಳ್ಳೋದಾ? ಛೆ. ಡೆಲ್ಲಿ ಮ್ಯೂಸಿಯಂಗೆ ಕೊಡೋಕೆ ಹೇಳು. ಹರಪ್ಪ ನಮ್ದು ಕಣೇ."

"ನಮ್ಮದೂ ಹೌದ್ರಿ. ಆದ್ರ ಆ ಊರು ಈಗ ಪಾಕಿಸ್ತಾನದಾಗ ಐತಿ. ಕಾಯ್ದೆ ಪ್ರಕಾರ ಅಲ್ಲಿಗೇ ಹೋಗ್ಬೇಕು."

"ಪಾಕಿಸ್ತಾನಕ್ಕಾ? ತಲೆ ಕೆಟ್ಟಿದ್ಯಾ? ಆ ಹೆಂಗಸು ಓಡ್ಬಂದಿದ್ದು ಎಲ್ಲಿಂದ? ಅಲ್ಲಿಗೇ ವಾಪಸ್ ಕಳ್ಸ್ಬೇಕಾ?"

"ಆಂಟಿ, ದೇಶ ಒಡದಾಗ ಮೊಹೆಂಜೊ-ದಾರೊದ ಒಡವೀನೂ ಹಂಚ್ಯಾರ್ರಿ. ಒಂದು ಡಾಬು ಇತ್ತು, ಇಂಥವೇ ಉದ್ದನ್ನ ಮಣೀದು. ಅದನ್ನ ಬಿಚ್ಚಿ ಅರ್ಧ ಇವರಿಗೆ, ಅರ್ಧ ಅವರಿಗೆ. ಇವತ್ತಿಗೂ ಒಂದರ್ಧ ಅಲ್ಲಿ, ಒಂದರ್ಧ ಡೆಲ್ಲಿಯೊಳಗ."

"ಮಣಿ ಎಣಿಸಿ?"

"ಹೂಂ ರೀ."

ಆಂಟಿ ಎದ್ದು ಒಂದು ಲೋಟ ನೀರು ಕುಡಿದು ಬಂದರು. ಆಮೇಲೆ, "ಆದ್ರೂ ನಂಗೆ ಒಪ್ಪಿಗೆ ಇಲ್ಲ," ಎಂದು ಲ್ಯಾಪ್‌ಟಾಪ್ ತೆರೆದರು.

ಹಂಚುವ ದಿನ ಬಂತು. ಅಕ್ಟೋಬರಿನ ಒಂದು ಶನಿವಾರ. ಮರುಭೂಮಿಯ ಕಡೆಯಿಂದ ಸಾಂಟಾ ಆನಾ ಗಾಳಿ ಬೆಳಿಗ್ಗೆಯಿಂದ ಬೀಸುತ್ತಿತ್ತು. ಚರ್ಮ ಬಿಗಿಯುವಂಥ ಒಣಗಾಳಿ. ನನ್ನ ಬ್ಯಾಗಿನಲ್ಲಿ ಸ್ಪಂಜು ಹಾಕಿದ, ಒಂದೇ ಮಣಿ ಹಿಡಿಸುವ ಪುಟ್ಟ ಡಬ್ಬಿ ಇತ್ತು. ಅದನ್ನು ಬಳಸುತ್ತೇನೋ ಇಲ್ಲವೋ ಎಂದು ನಿರ್ಧರಿಸದೆಯೇ ಹೊರಟಿದ್ದೆ.

ನಾನು ಅವರ ಮನೆ ಮುಟ್ಟಿದಾಗ ದಾದಿ ಒಬ್ಬರೇ ಇದ್ದರು. ಹರೀಶ್ ಅವಸರದ ಸಾಮಾನು ತಲುಪಿಸಲು ಲಾಂಗ್ ಬೀಚ್‌ಗೆ ಹೋಗಿದ್ದರು, ಮಧ್ಯಾಹ್ನದೊಳಗೆ ಬರುವವರಿದ್ದರು. ದಾದಿ ಮೇಜಿನ ಮೇಲೆ ಮೂರು ಬಿಳಿ ಕರವಸ್ತ್ರ ಹಾಸಿ, ಗಾಳಿಗೆ ಹಾರದಂತೆ ಮೇಲೆ ಕಲ್ಲಿಟ್ಟಿದ್ದರು. ಪಕ್ಕದಲ್ಲೊಂದು ಕತ್ತರಿ.

"ನಿಮಗೆ ಇದು ಇಷ್ಟವೇ ದಾದಿ?" ಎಂದೆ.

"ಮಕ್ಕಳು ಕೇಳಿದರು. ನಾನು ಸತ್ತ ಮೇಲೆ ಜಗಳಾಡುವುದು ಬೇಡ." ಕತ್ತರಿಯನ್ನು ಆ ಕಡೆ ತಿರುಗಿಸಿ ಇಟ್ಟರು. "ನಿನಗೂ ಒಂದು ಕೊಡುತ್ತಾನಂತೆ."

"ನನಗೆ ಬ್ಯಾಡ" ಎಂದು ಕನ್ನಡದಲ್ಲೇ ಬಾಯಿಂದ ಬಂದುಬಿಟ್ಟಿತು. ಹಿಂದಿಯಲ್ಲಿ ತಿರುಗಿ ಹೇಳುವಷ್ಟರಲ್ಲಿ ನಮ್ಮಿಬ್ಬರ ಫೋನುಗಳೂ ಒಟ್ಟಿಗೆ ಚೀರಿಕೊಂಡವು. ಕೂಡಲೇ ಮನೆ ಬಿಡಿ ಎಂಬ ಎಚ್ಚರಿಕೆ.

ತಲೆಯೆತ್ತಿ ನೋಡಿದರೆ ಬೆಟ್ಟದ ಏಣಿನ ಹಿಂದೆ ಕಂದು ಹೊಗೆ ಗೋಡೆಯಂತೆ ಎದ್ದಿತ್ತು. ಬೆಂಕಿ ಕಾಣುತ್ತಿರಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು, ಯಾರೋ ದೊಡ್ಡ ತಗಡನ್ನು ಎಳೆದಾಡಿದ ಹಾಗೆ. ಹರೀಶ್ ಫೋನ್ ಮಾಡಿದರು. "ಪೊಲೀಸರು ರಸ್ತೆ ಮುಚ್ಚಿದ್ದಾರೆ, ನನ್ನನ್ನು ಒಳಗೆ ಬಿಡುತ್ತಿಲ್ಲ. ಅಮ್ಮನನ್ನು ಕರೆದುಕೊಂಡು ಹೊರಡಿ. ಶಿಬಿರಕ್ಕೆ ಬೇಡ, ಅವಳ ವಯಸ್ಸಿಗೆ ಕೊರೋನಾ ತಗಲಿದರೆ... ದಯವಿಟ್ಟು."

ದಾದಿಯನ್ನು ಕಾರಿನವರೆಗೆ ನಡೆಸಿದೆ. ಬಾಗಿಲು ತೆಗೆದದ್ದೇ ಅವರು ನನ್ನ ಕೈ ಬಿಡಿಸಿಕೊಂಡು ಮನೆಯೊಳಕ್ಕೆ ಹೊರಟರು. ಕೂಗಿದೆ. ಕೇಳಲಿಲ್ಲ. ಕಾರ್ನೀಲಿಯನ್‌ಗೆ ಕೆಂಪು ಬರುವುದೇ ಹದವಾಗಿ ಸುಟ್ಟಾಗ. ಮನೆ ಉರಿಯುವ ಬೆಂಕಿಗೆ ಅದು ಸಿಡಿದು ಚೂರಾಗುತ್ತದೆ. ಅದು ನನಗೆ ಗೊತ್ತಿತ್ತು, ಆದರೂ ಆ ಗಳಿಗೆಯಲ್ಲಿ ಮಣಿಯ ಡಬ್ಬಿ ಸುಟ್ಟುಹೋಗಲಿ, ಈ ಮುದುಕಿ ಹೊರಗೆ ಬಂದರೆ ಸಾಕು ಎನಿಸಿತು. ಪಕ್ಕದ ಮನೆಯವರು ಎರಡು ಕುದುರೆಗಳನ್ನು ಹಗ್ಗ ಹಿಡಿದು ಎಳೆದುಕೊಂಡು ಓಡಿದರು. ಕಾರಿನ ಗಾಜಿನ ಮೇಲೆ ಕಿಡಿಯಿದ್ದ ಬೂದಿ ಬಿತ್ತು.

ದಾದಿ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಏನೂ ಇರಲಿಲ್ಲ.

"ಡಬ್ಬಿ?" ಎಂದೆ.

"ಗಾಡಿ ಬಿಡು," ಎಂದರು.

ಇಳಿಜಾರಿನ ರಸ್ತೆಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹಿಂದಿನ ಕನ್ನಡಿಯಲ್ಲಿ ಹೊಗೆಯ ಬುಡ ಈಗ ಕೆಂಪಾಗಿತ್ತು. ಹಾರ್ನ್ ಹೊಡೆಯುವವರೂ ಇರಲಿಲ್ಲ, ಎಲ್ಲರೂ ಸುಮ್ಮನೆ ಮುಂದೆ ನೋಡುತ್ತಿದ್ದರು. ಒಂದು ಅಡಿ, ಮತ್ತೊಂದು ಅಡಿ. ಫ್ರೀವೇ ಹತ್ತಿದ ಮೇಲೆ ಸ್ಟಿಯರಿಂಗಿನ ಮೇಲೆ ನನ್ನ ಬೆರಳುಗಳ ಬಿಗಿ ಸಡಿಲಾಯಿತು. ಆಗ ದಾದಿ ಕಮೀಜಿನ ಅಂಚನ್ನು ಒಂದಿಷ್ಟು ಸರಿಸಿ ತೋರಿಸಿದರು. ದುಪಟ್ಟಾವನ್ನು ಸುರುಳಿ ಮಾಡಿ ಸೊಂಟಕ್ಕೆ ಬಿಗಿದುಕೊಂಡಿದ್ದರು. ಸುರುಳಿಯೊಳಗೆ ಮಣಿಗಳ ಉಬ್ಬು ಕಾಣುತ್ತಿತ್ತು.

"ಕರಾಚಿಯಿಂದಲೂ ಹೀಗೇ ತಂದದ್ದು," ಎಂದು ಕಿಟಕಿಯ ಕಡೆ ತಿರುಗಿದರು.

ಮಾಲತಿ ಆಂಟಿಗೆ ಫೋನ್ ಹಚ್ಚಿದೆ. "ಆಂಟಿ, ಇಲ್ಲಿ ಬೆಂಕಿ ಬಿದ್ದೈತಿ. ದಾದೀನ ಕರ್ಕೊಂಡ್ ಬರಾಕತ್ತೀನಿ."

"ದಾದಿನಾ? ನರ್ಸ್ ಯಾಕೆ? ಯಾರಿಗೇನಾಯ್ತು? ಕೋವಿಡ್ಡಾ?"

ಬಿಡಿಸಿ ಹೇಳಿದೆ. ಆ ಕಡೆಯಿಂದ ಇನ್ಹೇಲರ್ ಒತ್ತಿದ ಸದ್ದು ಕೇಳಿಸಿತು. ಬೇಡ ಎಂದರೆ ಎಲ್ಲಿಗೆ ಹೋಗುವುದು ಎಂದು ಲೆಕ್ಕ ಹಾಕತೊಡಗಿದೆ.

"ಅವ್ರಿಗೆ ಮೆಟ್ಲು ಹತ್ತೋಕಾಗತ್ತಾ?" ಎಂದರು ಆಂಟಿ.

"ಇಲ್ರಿ."

"ಹಾಗಾದ್ರೆ ನನ್ ರೂಮ್ ಖಾಲಿ ಮಾಡ್ತೀನಿ. ನಾನು ಮೇಲೆ ಮಲಗ್ತೀನಿ. ನಿಧಾನಕ್ಕೆ ಡ್ರೈವ್ ಮಾಡು."

ಆ ವಾರವನ್ನು ಹೇಗೆ ಕಳೆದೆವೋ. ಸೋಂಕಿಗೆ ಕಿಟಕಿ ತೆರೆದಿಡಬೇಕು, ಹೊಗೆಗೆ ಮುಚ್ಚಬೇಕು. ಆಂಟಿ ಗಂಟೆಗೊಮ್ಮೆ ಒಂದನ್ನು ತೆರೆದು ಇನ್ನೊಂದನ್ನು ಮುಚ್ಚುತ್ತಿದ್ದರು. ಯಾರಾದರೂ ಕೆಮ್ಮಿದರೆ ಮೂವರೂ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಮನೆ ಉಳಿಯಿತು, ಬೇಲಿಯೂ ಪೆಪ್ಪರ್ ಮರವೂ ಸುಟ್ಟವು ಎಂದು ಹರೀಶ್ ತಿಳಿಸಿದರು. ದಾದಿ ಸೊಂಟದ ಸುರುಳಿಯನ್ನು ಬಿಚ್ಚಲಿಲ್ಲ. ಮಲಗುವಾಗಲೂ ಇಲ್ಲ.

ಮುಂದಿನ ಭಾನುವಾರ ಹರೀಶ್ ಬಂದರು. ಆಂಟಿಯ ಹಿತ್ತಿಲಿನಲ್ಲಿ ಕೂತೆವು. ತಾಯಿಯ ಆರೋಗ್ಯ ವಿಚಾರಿಸಿ, ಅವರು ಹಂಚುವ ಮಾತು ಎತ್ತಿದರು.

"ಹಂಚುವುದಿಲ್ಲ," ಎಂದರು ದಾದಿ. "ಡೋಕ್ರಿಗೆ ಹೋಗಲಿ. ಅಲ್ಲಿ ಅಗೆದ ಜಾಗದ ಪಕ್ಕದಲ್ಲೇ ಮ್ಯೂಸಿಯಂ ಇದೆ. ಶಾಲೆಯಿಂದ ನಮ್ಮನ್ನು ಕರೆದುಕೊಂಡು ಹೋಗಿದ್ದರು."

ಹರೀಶ್ ನಂಬದವರಂತೆ ನನ್ನ ಕಡೆ ನೋಡಿದರು. "ನೀವು ಹೇಳಿಕೊಟ್ಟಿರಾ?"

"ಅವಳಿಗೆ ಒಂದು ಸಿಗುತ್ತಿತ್ತು. ಅವಳೇಕೆ ಹೇಳಿಕೊಡುತ್ತಾಳೆ?" ಎಂದರು ದಾದಿ.

"ಅಮ್ಮಾ, ಅವರು ನಮ್ಮ ಮನೆ ಕಿತ್ತುಕೊಂಡರು. ತಾತ ನಿರಾಶ್ರಿತರ ಕ್ಯಾಂಪಿನ ಗುಡಿಸಲಿನಲ್ಲಿ ಸತ್ತರು. ಇದೊಂದು ಉಳಿದಿದೆ. ಇದನ್ನೂ ಅವರಿಗೇ ಕೊಡಬೇಕೇ? ಯಾಕೆ?"

"ಕೊಡಬೇಕು."

"ಅದೇ ಯಾಕೆ ಅಂತ ಕೇಳುತ್ತಿದ್ದೇನೆ!"

ದಾದಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಹರೀಶ್ ಎದ್ದರು, ಆಂಟಿ ತಂದ ಚಹಾ ಮುಟ್ಟದೆ ಗೇಟು ತೆಗೆದು ಹೋದರು. ಒಳಗೊಳಗೆ ಅವರದೇ ಪಕ್ಷ ವಹಿಸಿದ್ದ ಆಂಟಿ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದರು.

ಹರೀಶರ ತಂಗಿಯೂ ತಮ್ಮನೂ ತಾಯಿಯೊಂದಿಗೆ ಫೋನಿನ ಮಾತು ಬಿಟ್ಟರು. ಹರೀಶ್ ಮನೆಯ ರಿಪೇರಿ ಮಾಡಿಸುತ್ತಿದ್ದರು. ವಾರಕ್ಕೊಮ್ಮೆ ಔಷಧಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರೇ ಹೊರತು ಒಳಗೆ ಬರುತ್ತಿರಲಿಲ್ಲ. ಲಾಸ್ ಏಂಜಲೀಸಿನ ಆಸ್ಪತ್ರೆಗಳು ತುಂಬಿ ತುಳುಕಿದ ಚಳಿಗಾಲವದು. ದಾದಿ ಇಲ್ಲೇ ಇರಲಿ ಎಂದರು ಆಂಟಿ. ದಾದಿಗೆ ಏನಾದರೂ ಆದರೆ ಮಣಿಗಳ ಗತಿಯೇನು, ಮಕ್ಕಳ ಗತಿಯೇನು ಎಂಬ ಚಿಂತೆ ನನ್ನನ್ನು ಬಿಡಲಿಲ್ಲ. ಹರಪ್ಪದ ಮಣಿ ಪಕ್ಕದ ಕೋಣೆಯಲ್ಲೇ ಇತ್ತು. ಅದರ ಮೇಲೆ ಒಂದು ವಾಕ್ಯ ಬರೆಯುವಂತಿರಲಿಲ್ಲ. ಕೊನೆಗೆ ಲ್ಯಾಬು ತೆರೆದ ಮೇಲೆ ಹಳೆಯ ಮಾದರಿಗಳನ್ನೇ ಹಿಡಿದು, ಒಂದು ವರ್ಷ ತಡವಾಗಿ ಪ್ರಬಂಧ ಮುಗಿಸಿದೆ. ಆ ಕತೆ ಬೇರೆ.

ಫೆಬ್ರುವರಿಯ ಒಂದು ಬೆಳಿಗ್ಗೆ ಹರೀಶ್ ಬಾಗಿಲು ತಟ್ಟಿದರು. ಕೈಯಲ್ಲಿ ಅಲ್ಯೂಮಿನಿಯಂ ಪೆಟ್ಟಿಗೆ. ತಮ್ಮ ಯಂತ್ರದಲ್ಲಿ ತಾವೇ ಕಡೆದದ್ದು. ಒಳಗಿನ ಮೆತ್ತೆಯಲ್ಲಿ ಏಳು ಗುಳಿಗಳು ಕಮಾನಿನಂತೆ ಸಾಲಾಗಿದ್ದವು. ಗುಳಿಯಿಂದ ಗುಳಿಗೆ ಸಣ್ಣ ಕಾಲುವೆ.

"ದಾರ ಬಿಚ್ಚದೆ ಇಡಬಹುದು," ಎಂದರು. ಮತ್ತೇನೂ ಹೇಳಲಿಲ್ಲ. ದಾದಿ ಪೆಟ್ಟಿಗೆಯ ಅಂಚನ್ನು ಬೆರಳಿನಿಂದ ಸವರಿ, "ಚಹಾ ಕುಡಿದು ಹೋಗು," ಎಂದರು. ಅಂದು ಕುಡಿದರು.

ಲಸಿಕೆಗಳಾದ ಮೇಲೆ, ಏಪ್ರಿಲಿನಲ್ಲಿ, ಲಾಸ್ ಏಂಜಲೀಸಿನಲ್ಲಿದ್ದ ಪಾಕಿಸ್ತಾನದ ರಾಯಭಾರ ಕಚೇರಿಗೆ ಹೋದೆವು. ಕಾರು ಓಡಿಸಿದವರು ಮಾಲತಿ ಆಂಟಿ. "ನಂಗೆ ಇನ್ನೂ ಒಪ್ಪಿಗೆ ಇಲ್ಲ. ಆದ್ರೆ ಅವ್ರನ್ನ ನಿನ್ ಡಕೋಟಾ ಕಾರಲ್ಲಿ ಕರ್ಕೊಂಡು ಹೋಗ್ಬೇಡ," ಎಂದಿದ್ದರು. ಹರೀಶ್ ಅಲ್ಲಿಗೇ ಬಂದರು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಕದ್ದ ಮಾಲು ಇಷ್ಟು ವರ್ಷ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದರೆ? ಈ ಮುದುಕಿಯನ್ನು ತಪ್ಪಿತಸ್ಥಳಂತೆ ನಿಲ್ಲಿಸಿದರೆ?

ಚಿಕ್ಕ ಕೋಣೆಯಲ್ಲಿ ಒಬ್ಬ ತರುಣ ಅಧಿಕಾರಿ ಇದ್ದ. ನಾವು ಬರೆದು ಒಯ್ದಿದ್ದ ಕಾಗದಗಳನ್ನು ತಿರುವಿ, ಉರ್ದುವಿನಲ್ಲಿ ಬಿಗಿಯಾಗಿ, "ಇದು ನಿಮ್ಮ ಕೈಗೆ ಹೇಗೆ ಬಂತು, ದೇಶದಿಂದ ಹೇಗೆ ಹೊರಗೆ ಬಂತು, ಹೇಳಬೇಕಾಗುತ್ತದೆ," ಎಂದ. ಹರೀಶ್ ಮುಂದೆ ಬಾಗಿದರು. ದಾದಿ ಅವರ ತೋಳು ಹಿಡಿದು ಕೂರಿಸಿ, ಅಧಿಕಾರಿಯನ್ನು ಅವನ ಊರು ಕೇಳಿದರು. ಸಕ್ಖರ್ ಎಂದ, ಅದೂ ಸಿಂಧ್‌ನದೇ ಊರು. ದಾದಿ ಸಿಂಧಿಗೆ ತಿರುಗಿದರು.

ನನಗೂ ಆಂಟಿಗೂ ಒಂದು ಪದ ತಿಳಿಯಲಿಲ್ಲ. ಹರೀಶ್ ನಮ್ಮ ಕಡೆ ವಾಲಿ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು.

"ಕರಾಚಿ ಬಂದರಿನಲ್ಲಿ ಎಲ್ಲರನ್ನೂ ತಡವಿ ನೋಡುತ್ತಿದ್ದರಂತೆ. ಒಡವೆ ಸಿಕ್ಕರೆ ಕಿತ್ತುಕೊಳ್ಳುತ್ತಿದ್ದರು, ಅಪ್ಪಂದಿರನ್ನು ಪಕ್ಕಕ್ಕೆ ಕರೆದೊಯ್ಯುತ್ತಿದ್ದರು. ಅಮ್ಮನ ಸರದಿ ಬಂತು. ಆಗ ಅವಳಿಗೆ ಹತ್ತು ವರ್ಷ. ಒಬ್ಬ ಪೇದೆ ಸೊಂಟದ ಮೇಲೆ ಕೈಯಿಟ್ಟ. ಕಲ್ಲು ಅವನ ಕೈಗೆ ತಾಗಿತು. ಅವನಿಗೆ ಗೊತ್ತಾಯಿತು ಅಂತ ಇವಳಿಗೆ ಗೊತ್ತಾಯಿತು..." ಹರೀಶ್ ನಿಲ್ಲಿಸಿದರು. ತಾಯಿಯ ಮುಖವನ್ನೇ ನೋಡಿದರು. ಈ ಭಾಗವನ್ನು ಅವರೂ ಕೇಳಿರಲಿಲ್ಲ. ದಾದಿಯ ದನಿ ಮಾತ್ರ ಏರದೆ ಇಳಿಯದೆ ಸಾಗಿತ್ತು.

"ಮೇಲಧಿಕಾರಿ ದೂರದಿಂದ, ಏನಿದೆ ಅಲ್ಲಿ ಅಂತ ಕೇಳಿದ," ಎಂದರು ಹರೀಶ್, ತಡೆದು ತಡೆದು. "ಪೇದೆ ಕೈ ತೆಗೆಯದೆ ಹೇಳಿದ... ಏನಿಲ್ಲ ಸಾಹೇಬ್, ಎಲುಬು. ಮಗು ಊಟ ಮಾಡಿಲ್ಲ. ಆಮೇಲೆ ಇವಳಿಗೆ, ಹೋಗು ಮಗಳೇ, ಅಂದ."

ದಾದಿ ಇನ್ನೊಂದು ಮಾತು ಹೇಳಿದರು. ಹರೀಶ್ ಅದನ್ನು ಹೇಳಲು ಹೋಗಿ ಆಗದೆ ಮುಖ ತಿರುಗಿಸಿಕೊಂಡರು. ಅದನ್ನು ಹಿಂದಿಯಲ್ಲಿ ನಮಗೆ ಹೇಳಿದವನು ಆ ಅಧಿಕಾರಿಯೇ. ಅವನು ಆಗಲೇ ಎದ್ದು ನಿಂತಿದ್ದ.

"ಅಪ್ಪನಿಗೂ ಹೇಳಲಿಲ್ಲವಂತೆ. ಹೇಳಿದರೆ ಆ ಪೇದೆಗೆ ತೊಂದರೆಯಾದೀತು ಅಂತ. ಅವನ ಹೆಸರು ಗೊತ್ತಿಲ್ಲ, ಅದಕ್ಕೇ ಅವನ ಬದಲು ನೀನು ತೆಗೆದುಕೋ ಅನ್ನುತ್ತಿದ್ದಾರೆ."

ದಾದಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡಲಿಲ್ಲ. ಅವನು ಎರಡೂ ಕೈ ಚಾಚುವವರೆಗೆ ಕಾದು, ಕೈಗೇ ಕೊಟ್ಟರು.

ಹೊರಗೆ ಬಂದು ಕಾರಿನಲ್ಲಿ ಕೂತೆವು. ಮಾಲತಿ ಆಂಟಿ ಕೀಲಿಯನ್ನು ಹಿಡಿದುಕೊಂಡು ಹಾಗೇ ಕೂತಿದ್ದರು, ತಿರುಗಿಸಲಿಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ, ತಮ್ಮ ಬೆಂಗಳೂರು ಹಿಂದಿಯಲ್ಲಿ, "ದಾದಿ, ಬೆಳಿಗ್ಗೆ ಏನಾದರೂ ತಿಂದಿರಾ?" ಎಂದರು.

"ಇಲ್ಲ," ಎಂದರು ದಾದಿ. "ತುಂಬ ಹಸಿವಾಗಿದೆ."